ಕಟ್ಟಡಗಳಲ್ಲಿ ಎತ್ತರದ ಕೆಲಸದ ಸುರಕ್ಷತೆ

ಕಟ್ಟಡಗಳಲ್ಲಿ ಎತ್ತರದ ಕೆಲಸದ ಸುರಕ್ಷತೆ ಎಂದರೆ ಕಟ್ಟಡವನ್ನು ಕಟ್ಟುವಾಗ, ದುರಸ್ತಿ ಮಾಡುವಾಗ, ಬಣ್ಣ ಬಳಿಯುವಾಗ, ಶುಚಿಗೊಳಿಸುವಾಗ ಅಥವಾ ಕೆಡವುವಾಗ ಎತ್ತರದಲ್ಲಿ ದುಡಿಯುವವರು ಕೆಳಗೆ ಬೀಳದಂತೆ, ಅವರ ಕೈಯಿಂದ ಜಾರಿದ ವಸ್ತುಗಳು ಕೆಳಗಿದ್ದವರಿಗೆ ಬಡಿಯದಂತೆ ನೋಡಿಕೊಳ್ಳುವ ಯೋಜನೆ, ಉಪಕರಣ, ತರಬೇತಿ ಮತ್ತು ಕಾನೂನುಕ್ರಮಗಳ ಒಟ್ಟು ವ್ಯವಸ್ಥೆ. ಎತ್ತರದಿಂದ ಬೀಳುವುದು ನಿರ್ಮಾಣ ಕ್ಷೇತ್ರದ ಸಾವುಗಳಿಗೆ ಪ್ರಮುಖ ಕಾರಣಗಳಲ್ಲೊಂದು. ನಿಯಮಗಳ ಪಾಲನೆ ಕಟ್ಟುನಿಟ್ಟಾಗಿರುವ ಬ್ರಿಟನ್ನಿನಲ್ಲಿಯೂ 2023–24ನೆಯ ಸಾಲಿನಲ್ಲಿ ಕೆಲಸದ ಸ್ಥಳದಲ್ಲಿ ಮೃತಪಟ್ಟ 138 ಜನರಲ್ಲಿ 50 ಮಂದಿ ಎತ್ತರದಿಂದ ಬಿದ್ದು ಸತ್ತವರು.

ಈ ವಿಷಯದಲ್ಲಿ ಬಹುತೇಕ ಎಲ್ಲ ದೇಶಗಳ ನಿಯಮಗಳು ಒಂದೇ ಮೂಲತತ್ತ್ವವನ್ನು ಆಧರಿಸಿವೆ. ಮೊದಲು ಎತ್ತರದ ಕೆಲಸವನ್ನೇ ತಪ್ಪಿಸಬೇಕು. ತಪ್ಪಿಸಲಾಗದಿದ್ದರೆ ಬೀಳದಂತೆ ತಡೆಯಬೇಕು. ಅದೂ ಆಗದಿದ್ದಲ್ಲಿ ಮಾತ್ರ ಬಿದ್ದವನನ್ನು ಹಿಡಿದು ನಿಲ್ಲಿಸುವ ಬಲೆ ಅಥವಾ ಸುರಕ್ಷತಾ ಬೆಲ್ಟಿನ ಮೊರೆ ಹೋಗಬೇಕು. ಜನಸಾಮಾನ್ಯರ ಮನಸ್ಸಿನಲ್ಲಿ ಎತ್ತರದ ಕೆಲಸದ ಸುರಕ್ಷತೆಯೆಂದರೆ ಬೆಲ್ಟ್ ಮತ್ತು ಹೆಲ್ಮೆಟ್ ಎಂಬ ಭಾವನೆಯಿದ್ದರೂ ಈ ಶ್ರೇಣಿಯಲ್ಲಿ ಅವುಗಳಿಗೆ ಕಟ್ಟಕಡೆಯ ಸ್ಥಾನವಿದೆ.

ವ್ಯಾಖ್ಯೆ

ಎಷ್ಟು ಎತ್ತರದಿಂದಾಚೆಗಿನ ಕೆಲಸವನ್ನು ‘ಎತ್ತರದ ಕೆಲಸ’ ಎನ್ನಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನಿರ್ಮಾಣ ನಿಯಮಗಳ ಪ್ರಕಾರ ಸಾಮಾನ್ಯವಾಗಿ 6 ಅಡಿ, ಅಂದರೆ ಸುಮಾರು 1.8 ಮೀಟರ್ ಎತ್ತರದಿಂದ ಬೀಳುವಿಕೆಯ ರಕ್ಷಣೆ ಕಡ್ಡಾಯ. ಸಾರುವೆಯ ಮೇಲಿನ ಕೆಲಸಕ್ಕೆ ಈ ಮಿತಿ 10 ಅಡಿ. ಬ್ರಿಟನ್ನಿನಲ್ಲಿ ಹಿಂದೆ 2 ಮೀಟರಿನ ಗಡಿಯಿತ್ತು. 2005ರ ಎತ್ತರದ ಕೆಲಸದ ನಿಯಮಾವಳಿ ಆ ಗಡಿಯನ್ನು ತೆಗೆದುಹಾಕಿ, ಬಿದ್ದರೆ ಗಾಯವಾಗಬಹುದಾದ ಯಾವುದೇ ಸ್ಥಳದ ಕೆಲಸವನ್ನೂ ಎತ್ತರದ ಕೆಲಸವೆಂದು ಪರಿಗಣಿಸಿತು. ಈ ವ್ಯಾಖ್ಯೆಯಂತೆ ನೆಲಮಟ್ಟದಲ್ಲಿಯೇ ಇರುವ ತೆರೆದ ಗುಂಡಿಯ ಅಂಚಿನಲ್ಲಿ ಮಾಡುವ ಕೆಲಸವೂ ಎತ್ತರದ ಕೆಲಸವೇ.

ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆಯ 32ನೆಯ ಕಲಮು ಎತ್ತರದ ಅಳತೆಯನ್ನು ಹೇಳದೆ, ವ್ಯಕ್ತಿಯು ಬೀಳುವ ಸಂಭವವಿರುವ ಎತ್ತರದಲ್ಲಿ ಕೆಲಸ ಮಾಡಬೇಕಾದಾಗ ಸಾಧ್ಯವಾದ ಮಟ್ಟಿಗೆ ಬೇಲಿ ಅಥವಾ ಬೇರೆ ವಿಧಾನದಿಂದ ಆತನ ಸುರಕ್ಷತೆಯನ್ನು ಖಚಿತಪಡಿಸಬೇಕೆಂದು ವಿಧಿಸಿತ್ತು.

ಬೀಳುವಿಕೆಯ ಭೌತಿಕ ಸ್ವರೂಪ

ಗುರುತ್ವಾಕರ್ಷಣೆಯ ಲೆಕ್ಕದಂತೆ 2 ಮೀಟರ್ ಎತ್ತರದಿಂದ ಬಿದ್ದ ವ್ಯಕ್ತಿ ಸುಮಾರು 0.64 ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ. ಆಗ ಆತನ ವೇಗ ಗಂಟೆಗೆ ಸುಮಾರು 23 ಕಿಲೋಮೀಟರ್. ಎರಡು ಅಂತಸ್ತಿನ ಮನೆಯ ಚಾವಣಿಗೆ ಸಮನಾದ 6 ಮೀಟರಿನಿಂದ ಬಿದ್ದರೆ ತಗಲುವ ಸಮಯ ಸುಮಾರು 1.1 ಸೆಕೆಂಡ್, ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. ಇಷ್ಟು ಕಡಿಮೆ ಅವಧಿಯಲ್ಲಿ ಕಾಲು ಜಾರಿದ್ದನ್ನು ಅರಿತು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವುದು ಅನುಭವಿ ಕೆಲಸಗಾರನಿಗೂ ಕಷ್ಟ. ‘ಎಚ್ಚರದಿಂದ ಕೆಲಸ ಮಾಡಿ’ ಎಂಬ ಸೂಚನೆಯೊಂದೇ ಸುರಕ್ಷತಾ ಕ್ರಮವಾಗಲಾರದು ಎನ್ನುವುದಕ್ಕೆ ಇದೇ ಆಧಾರ.

ಗಾಯದ ತೀವ್ರತೆಯನ್ನು ನಿರ್ಧರಿಸುವುದು ಬಿದ್ದ ಎತ್ತರ ಮಾತ್ರವಲ್ಲ, ದೇಹವು ಎಷ್ಟು ದೂರದೊಳಗೆ ನಿಲ್ಲುತ್ತದೆ ಎಂಬುದೂ ಹೌದು. 80 ಕಿಲೋಗ್ರಾಂ ತೂಕದ ವ್ಯಕ್ತಿ 2 ಮೀಟರ್ ಬಿದ್ದ ಮೇಲೆ 20 ಸೆಂಟಿಮೀಟರಿನೊಳಗೆ ನಿಂತರೆ ಆತನ ಮೇಲೆ ಬೀಳುವ ಸರಾಸರಿ ಬಲ ಸುಮಾರು 8.6 ಕಿಲೋನ್ಯೂಟನ್. ಅದೇ ವ್ಯಕ್ತಿ 1 ಮೀಟರ್ ದೂರದಲ್ಲಿ ನಿಧಾನವಾಗಿ ನಿಂತರೆ ಬಲ ಸುಮಾರು 2.4 ಕಿಲೋನ್ಯೂಟನ್ನಿಗೆ ಇಳಿಯುತ್ತದೆ. ಬಲೆ ಮತ್ತು ಆಘಾತಶಾಮಕಗಳು ಕೆಲಸ ಮಾಡುವುದು ಈ ತತ್ತ್ವದ ಮೇಲೆ.

ಕಾರಣಗಳು

ಕಟ್ಟಡ ಕಾಮಗಾರಿಗಳಲ್ಲಿ ಬೀಳುವಿಕೆಗೆ ಸಾಮಾನ್ಯವಾಗಿ ಕಾರಣವಾಗುವ ಸ್ಥಿತಿಗಳು ಇವು:

- ತಡೆಯಿಲ್ಲದ ಚಾವಣಿ, ಬಾಲ್ಕನಿ ಮತ್ತು ಮೆಟ್ಟಿಲುಗಳ ಅಂಚುಗಳು
- ಲಿಫ್ಟ್ ಗುಂಡಿ, ಕೊಳವೆಮಾರ್ಗ ಮುಂತಾದವುಗಳಿಗಾಗಿ ಬಿಟ್ಟ ಮುಚ್ಚದ ಕಿಂಡಿಗಳು
- ಅಪೂರ್ಣವಾದ, ಗೋಡೆಗೆ ಕಟ್ಟದ ಅಥವಾ ಅತಿಭಾರ ಹೇರಿದ ಸಾರುವೆ
- ಸಡಿಲವಾದ ಅಥವಾ ಅರ್ಧಂಬರ್ಧ ಹಾಸಿದ ಹಲಗೆಗಳು
- ಸೆಂಟ್ರಿಂಗ್ ಕುಸಿತ, ಅವಧಿಗೆ ಮುನ್ನ ಆಸರೆ ಬಿಚ್ಚುವುದು
- ಕಲ್ನಾರು ತಗಡು, ಪಾರದರ್ಶಕ ಪ್ಲಾಸ್ಟಿಕ್ ತಗಡು, ಹಳೆಯ ಹೆಂಚುಗಳಂತಹ ಭಾರ ತಾಳದ ಹೊದಿಕೆ
- ಕೆಳಗೆ ಜಾರುವ ಅಥವಾ ಮೇಲೆ ಕಟ್ಟದ ಏಣಿ
- ಮಳೆ, ಗಾಳಿ, ಮಂದ ಬೆಳಕು, ಬಿಸಿಲಿನ ತಲೆಸುತ್ತು ಮತ್ತು ದಣಿವು
- ಹತ್ತಿರದ ವಿದ್ಯುತ್ ತಂತಿಯಿಂದ ಆಘಾತವಾಗಿ ಆಯತಪ್ಪುವುದು

ವಿದ್ಯುತ್ ತಂತಿಯ ಅಪಾಯ ಇಕ್ಕಟ್ಟಾದ ರಸ್ತೆಗಳಿರುವ ಭಾರತದ ನಗರಗಳಲ್ಲಿ ಹೆಚ್ಚು. 11 ಕಿಲೋವೋಲ್ಟ್ ತಂತಿಗೂ ಕಟ್ಟಡಕ್ಕೂ ನಡುವೆ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಲಂಬವಾಗಿ 3.7 ಮೀಟರ್ ಅಂತರವಿರಬೇಕೆಂದು ವಿದ್ಯುತ್ ನಿಯಮಗಳು ಹೇಳುತ್ತವೆ. ಕಟ್ಟಡವು ಈ ಅಂತರವನ್ನು ಪಾಲಿಸಿದ್ದರೂ ಅದರ ಹೊರಗೆ ನಿಲ್ಲಿಸಿದ ಕಬ್ಬಿಣದ ಸಾರುವೆ, ಮೇಲಕ್ಕೆ ಎತ್ತುವ ಕಂಬಿ ಅಥವಾ ಅಲ್ಯೂಮಿನಿಯಂ ಏಣಿ ಆ ಅಂತರವನ್ನು ನುಂಗಿಹಾಕಬಲ್ಲದು.

ಇತಿಹಾಸ

ಇಪ್ಪತ್ತನೆಯ ಶತಮಾನದ ಆರಂಭದ ಗಗನಚುಂಬಿ ಕಟ್ಟಡಗಳ ಕಾಲದಲ್ಲಿ ಉಕ್ಕಿನ ಚೌಕಟ್ಟು ಜೋಡಿಸುವವರಿಗೆ ಬೀಳುವಿಕೆಯ ವಿರುದ್ಧ ಯಾವ ರಕ್ಷಣೆಯೂ ಇರಲಿಲ್ಲವೆಂದೇ ಹೇಳಬಹುದು. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್ ನಿರ್ಮಾಣದ ವೇಳೆ 1932ರ ಸೆಪ್ಟೆಂಬರಿನಲ್ಲಿ ತೆಗೆದ, ಹನ್ನೊಂದು ಕೆಲಸಗಾರರು ಉಕ್ಕಿನ ತೊಲೆಯೊಂದರ ಮೇಲೆ ಸಾಲಾಗಿ ಕುಳಿತು ಊಟ ಮಾಡುತ್ತಿರುವ ಪ್ರಸಿದ್ಧ ಛಾಯಾಚಿತ್ರ ಪ್ರಚಾರಕ್ಕಾಗಿ ಏರ್ಪಡಿಸಿದ್ದಾಗಿದ್ದರೂ ಅಂದಿನ ಕೆಲಸದ ಸ್ಥಿತಿಗೆ ದಾಖಲೆಯಾಗಿದೆ.

ಬಲೆಯ ಬಳಕೆಗೆ ಹೆಸರಾದ ಮೊದಲ ಕಾಮಗಾರಿಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ಒಂದು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಸೇತುವೆಯ ಕೆಳಗೆ ಬಲೆ ಹಾಸಿಸಿದರು. ಅದು 19 ಜನರ ಪ್ರಾಣ ಉಳಿಸಿತು. ಆದರೆ 1937ರ ಫೆಬ್ರವರಿ 17ರಂದು ಕೆಲಸದ ಅಟ್ಟಣೆಯೊಂದು ಕಳಚಿ ಬಲೆಯನ್ನೇ ಹರಿದುಕೊಂಡು ಬಿದ್ದಾಗ 10 ಮಂದಿ ಸತ್ತರು. ಮನುಷ್ಯನ ತೂಕ ತಾಳುವಂತೆ ಹಾಸಿದ ಬಲೆ ಅಟ್ಟಣೆಯ ಕುಸಿತಕ್ಕೆ ಪರಿಹಾರವಲ್ಲ ಎಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1937ರಲ್ಲಿ ಕಟ್ಟಡ ಕೆಲಸದ ಸುರಕ್ಷತೆಯ ಕುರಿತ 62ನೆಯ ಒಡಂಬಡಿಕೆಯನ್ನು, 1988ರಲ್ಲಿ ನಿರ್ಮಾಣ ಕ್ಷೇತ್ರದ ಸುರಕ್ಷತೆ ಮತ್ತು ಆರೋಗ್ಯದ ಕುರಿತ 167ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. 2022ರಲ್ಲಿ ಸುರಕ್ಷಿತ ಹಾಗೂ ಆರೋಗ್ಯಕರ ಕೆಲಸದ ವಾತಾವರಣವನ್ನು ತನ್ನ ಮೂಲಭೂತ ತತ್ತ್ವಗಳ ಸಾಲಿಗೆ ಸೇರಿಸಿತು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬಿದ್ದ ವ್ಯಕ್ತಿಯ ಬೆನ್ನುಮೂಳೆಗೂ ಹೊಟ್ಟೆಯ ಅಂಗಗಳಿಗೂ ಹಾನಿ ಮಾಡುವುದರಿಂದ, ಬೀಳುವಿಕೆಯನ್ನು ತಡೆದು ನಿಲ್ಲಿಸಲು ಅದನ್ನು ಬಳಸುವುದನ್ನು ಅಮೆರಿಕವು 1998ರ ಜನವರಿ 1ರಿಂದ ನಿಷೇಧಿಸಿತು. ಭುಜ, ಎದೆ ಮತ್ತು ತೊಡೆಗಳಿಗೆ ಬಲವನ್ನು ಹಂಚುವ ಪೂರ್ಣದೇಹ ಹಾರ್ನೆಸ್ ಅದರ ಸ್ಥಾನಕ್ಕೆ ಬಂದಿತು.

ಸುರಕ್ಷತಾ ಕ್ರಮಗಳ ಶ್ರೇಣಿ

ಎತ್ತರದ ಕೆಲಸವನ್ನು ತಪ್ಪಿಸುವುದು

ನೆಲದ ಮೇಲೆ ಮಾಡಬಹುದಾದ ಕೆಲಸವನ್ನು ನೆಲದ ಮೇಲೆಯೇ ಮಾಡಿ ಮುಗಿಸುವುದು ಶ್ರೇಣಿಯ ಮೊದಲ ಮೆಟ್ಟಿಲು. ಕಬ್ಬಿಣದ ಕಂಬಿಯ ಹಂದರವನ್ನು ಕೆಳಗೆ ಕಟ್ಟಿ ಕ್ರೇನಿನಿಂದ ಎತ್ತುವುದು, ಚಾವಣಿಯ ಉಕ್ಕಿನ ಚೌಕಟ್ಟನ್ನು ಕೆಳಗೆ ಜೋಡಿಸುವುದು, ಕಿಟಕಿಯನ್ನು ಒಳಗಿನಿಂದ ಶುಚಿಗೊಳಿಸುವಂತೆ ವಿನ್ಯಾಸ ಮಾಡುವುದು, ಉದ್ದನೆಯ ಹಿಡಿಕೆಯ ಸಾಧನಗಳನ್ನು ಬಳಸುವುದು ಇದಕ್ಕೆ ಉದಾಹರಣೆಗಳು.

ಈ ಹಂತದ ನಿರ್ಧಾರಗಳು ವಾಸ್ತುಶಿಲ್ಪಿಯ ಮತ್ತು ಮಾಲೀಕನ ಕೈಯಲ್ಲಿವೆ, ಕೆಲಸಗಾರನ ಕೈಯಲ್ಲಿಲ್ಲ. ಓವರ್‌ಹೆಡ್ ಟ್ಯಾಂಕ್, ಸೌರ ನೀರು ಕಾಯಿಸುವ ಫಲಕ, ಹವಾನಿಯಂತ್ರಕದ ಹೊರಘಟಕ ಮುಂತಾದವುಗಳನ್ನು ಚಾವಣಿಯ ಅಂಚಿನಿಂದ ದೂರ ಇರಿಸಿ, ಅಲ್ಲಿಗೆ ಭದ್ರವಾದ ಮೆಟ್ಟಿಲು ಕೊಟ್ಟರೆ ಕಟ್ಟಡವಿರುವಷ್ಟು ಕಾಲ ಅವುಗಳ ದುರಸ್ತಿಗೆ ಬರುವ ಎಲ್ಲರ ಅಪಾಯವೂ ಒಮ್ಮೆಗೇ ತಗ್ಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ತಾರಸಿ ಮತ್ತು ಬಾಲ್ಕನಿಯ ಅಂಚುಗೋಡೆ 1 ಮೀಟರಿಗಿಂತ ಕಡಿಮೆ ಇರಬಾರದೆಂದು ಹೇಳುವುದು ವಾಸಿಗಳ ಸುರಕ್ಷತೆಗಾಗಿ. ಆ ಗೋಡೆಯನ್ನು ಕಾಮಗಾರಿಯ ಕೊನೆಗೆ ಮುಂದೂಡದೆ ಚಾವಣಿಯ ಕಾಂಕ್ರೀಟು ಗಟ್ಟಿಯಾದ ಕೂಡಲೇ ಕಟ್ಟಿದರೆ ಅದು ಕೆಲಸಗಾರರನ್ನೂ ಕಾಯುತ್ತದೆ.

ಬೀಳದಂತೆ ತಡೆಯುವುದು

ತಡೆಕಂಬಿ, ಕಿಂಡಿಯ ಮುಚ್ಚಳ, ಸಂಪೂರ್ಣ ಹಲಗೆ ಹಾಸಿದ ಸಾರುವೆ, ಯಾಂತ್ರಿಕ ಎತ್ತುವೇದಿಕೆ ಇವು ಈ ಗುಂಪಿಗೆ ಸೇರುತ್ತವೆ. ಇವು ಒಬ್ಬನನ್ನಲ್ಲ, ಆ ಸ್ಥಳದಲ್ಲಿ ಓಡಾಡುವ ಎಲ್ಲರನ್ನೂ ರಕ್ಷಿಸುತ್ತವೆ. ಕೆಲಸಗಾರ ಏನನ್ನೂ ತೊಡಬೇಕಿಲ್ಲ, ಕೊಕ್ಕೆ ಹಾಕಲು ನೆನಪಿಟ್ಟುಕೊಳ್ಳಬೇಕಿಲ್ಲ. ಈ ಕಾರಣದಿಂದ ಸಾಮೂಹಿಕ ರಕ್ಷಣೆಗೆ ವೈಯಕ್ತಿಕ ರಕ್ಷಣೆಗಿಂತ ಆದ್ಯತೆಯಿದೆ.

ಪರಿಣಾಮವನ್ನು ತಗ್ಗಿಸುವುದು

ಸುರಕ್ಷತಾ ಬಲೆ ಮತ್ತು ಹಾರ್ನೆಸ್ ಬೀಳುವುದನ್ನು ತಪ್ಪಿಸುವುದಿಲ್ಲ, ಬಿದ್ದ ಮೇಲೆ ಹಿಡಿಯುತ್ತವೆ. ಬಲೆಯನ್ನು ಕೆಲಸದ ಮಟ್ಟಕ್ಕೆ ಸಾಧ್ಯವಾದಷ್ಟು ಹತ್ತಿರ ಕಟ್ಟಬೇಕು. ಅಮೆರಿಕದ ನಿಯಮದ ಪ್ರಕಾರ ಅದು ಯಾವ ಸಂದರ್ಭದಲ್ಲಿಯೂ 30 ಅಡಿಗಿಂತ ಕೆಳಗಿರಬಾರದು. ಬಲೆಯಲ್ಲಿ ಬಿದ್ದ ಇಟ್ಟಿಗೆ ಚೂರು, ಕಂಬಿ ತುಂಡುಗಳನ್ನು ಆಗಾಗ ತೆಗೆಯದಿದ್ದರೆ ಅದರ ಮೇಲೆ ಬಿದ್ದವನಿಗೆ ಅವೇ ಗಾಯ ಮಾಡುತ್ತವೆ. ಕಟ್ಟಡದ ಸುತ್ತ ಧೂಳು ತಡೆಯಲು ಕಟ್ಟುವ ಹಸಿರು ಪರದೆ ಸುರಕ್ಷತಾ ಬಲೆಯಲ್ಲ. ಅದು ಮನುಷ್ಯನ ಭಾರ ತಾಳುವುದಿಲ್ಲ.

ಸಾರುವೆ

ಗೋಡೆ ಕಟ್ಟಲು, ಗಾರೆ ಹಾಗೂ ಬಣ್ಣದ ಕೆಲಸಕ್ಕೆ ಕಟ್ಟಡದ ಪಕ್ಕದಲ್ಲಿ ನಿಲ್ಲಿಸುವ ತಾತ್ಕಾಲಿಕ ಚೌಕಟ್ಟನ್ನು ಕನ್ನಡದಲ್ಲಿ ಸಾರುವೆ ಎನ್ನುತ್ತಾರೆ. ಕರ್ನಾಟಕದಲ್ಲಿ ಬಿದಿರು ಮತ್ತು ಸರ್ವೆ ಮರದ ಕಂಬಗಳನ್ನು ಹಗ್ಗದಿಂದ ಬಿಗಿದು ಸಾರುವೆ ಕಟ್ಟುವ ಪದ್ಧತಿ ಹಳೆಯದು. ಸಣ್ಣ ಕಾಮಗಾರಿಗಳಲ್ಲಿ ಈಗಲೂ ಬಳಕೆಯಲ್ಲಿದೆ. ದೊಡ್ಡ ಕಟ್ಟಡಗಳಲ್ಲಿ ಉಕ್ಕಿನ ಕೊಳವೆ ಮತ್ತು ಜೋಡಣೆ ಕ್ಲ್ಯಾಂಪುಗಳ ಸಾರುವೆ ಅದರ ಸ್ಥಾನ ಪಡೆದಿದೆ.

ಸಾರುವೆಯ ಭದ್ರತೆಗೆ ಮುಖ್ಯವಾದ ಅಂಶಗಳು ಹೀಗಿವೆ:

- ಬುಡ: ನಿಲುಗಂಬಗಳು ಸಡಿಲ ಮಣ್ಣಿನ ಮೇಲಾಗಲಿ, ಇಟ್ಟಿಗೆ ಚೂರುಗಳ ಮೇಲಾಗಲಿ ನಿಲ್ಲದೆ, ತಳತಟ್ಟೆ ಮತ್ತು ಅಗಲವಾದ ಹಲಗೆಯ ಮೇಲೆ ನಿಲ್ಲಬೇಕು. ಮಳೆನೀರು ಬುಡವನ್ನು ಕೊರೆಯದಂತೆ ನೋಡಿಕೊಳ್ಳಬೇಕು.
- ಕಟ್ಟು: ಸಾರುವೆಯನ್ನು ಕಟ್ಟಡಕ್ಕೆ ನಿಯತ ಅಂತರದಲ್ಲಿ ಬಂಧಿಸಬೇಕು. ಬುಡದ ಅಗಲದ ನಾಲ್ಕು ಪಟ್ಟಿಗಿಂತ ಎತ್ತರವಾದ ಸಾರುವೆಯನ್ನು ಕಟ್ಟಡಕ್ಕೆ ಬಂಧಿಸದೆ ನಿಲ್ಲಿಸಬಾರದೆಂಬುದು ಅಮೆರಿಕದ ನಿಯಮ.
- ಓರೆಕಂಬ: ಓರೆಯಾಗಿ ಕಟ್ಟಿದ ಕಂಬಗಳಿಲ್ಲದ ಚೌಕಟ್ಟು ಪಕ್ಕಕ್ಕೆ ವಾಲುತ್ತದೆ. ಗಾರೆ ಕೆಲಸಕ್ಕೆ ಅಡ್ಡವಾಗುತ್ತದೆಂದು ಇವನ್ನು ಮಧ್ಯದಲ್ಲಿ ಬಿಚ್ಚುವುದು ಅಪಾಯಕಾರಿ.
- ಹಾಸು: ಹಲಗೆಗಳು ಅಗಲದುದ್ದಕ್ಕೂ ಸಂದಿಯಿಲ್ಲದೆ ಹರಡಿರಬೇಕು, ತುದಿಗಳು ಆಧಾರದಿಂದ ತೀರ ಹೊರಚಾಚಿರಬಾರದು, ಚಾಚಿದ ತುದಿಯ ಮೇಲೆ ಕಾಲಿಟ್ಟರೆ ಹಲಗೆ ಏತದಂತೆ ಏಳುತ್ತದೆ.
- ಭಾರ: ಸಾರುವೆಯು ಉದ್ದೇಶಿತ ಗರಿಷ್ಠ ಭಾರದ ನಾಲ್ಕು ಪಟ್ಟನ್ನು ತಾಳಬೇಕೆಂಬುದು ಅಮೆರಿಕದ ನಿಯಮ. ಇಟ್ಟಿಗೆಯನ್ನು ಒಂದೇ ಕಡೆ ರಾಶಿ ಹಾಕುವುದು ಈ ಲೆಕ್ಕವನ್ನು ಕೆಡಿಸುತ್ತದೆ.
- ಏರುದಾರಿ: ಚೌಕಟ್ಟಿನ ಅಡ್ಡಕಂಬಗಳನ್ನು ಹಿಡಿದು ಹತ್ತಬೇಕಾಗದಂತೆ ಪ್ರತ್ಯೇಕ ಏಣಿ ಅಥವಾ ಮೆಟ್ಟಿಲು ಇರಬೇಕು.

ಸಾರುವೆಯನ್ನು ಕಟ್ಟುವ ಮತ್ತು ಬಿಚ್ಚುವ ಹಂತಗಳು ಬಳಸುವ ಹಂತಕ್ಕಿಂತ ಅಪಾಯಕಾರಿ, ಏಕೆಂದರೆ ಆಗ ರಕ್ಷಣೆಯ ಭಾಗಗಳು ಇನ್ನೂ ಕೂಡಿರುವುದಿಲ್ಲ ಅಥವಾ ಆಗಲೇ ಕಳಚಿರುತ್ತವೆ. ಆದ್ದರಿಂದ ಈ ಕೆಲಸವನ್ನು ತರಬೇತಿ ಪಡೆದವರು ಜವಾಬ್ದಾರಿಯುತ ಮೇಲ್ವಿಚಾರಕನ ಎದುರಿನಲ್ಲಿ ಮಾಡಬೇಕು. ಬ್ರಿಟನ್ನಿನಲ್ಲಿ 2 ಮೀಟರ್ ಅಥವಾ ಹೆಚ್ಚು ಬೀಳುವ ಸಂಭವವಿರುವ ಸಾರುವೆಯನ್ನು ಏಳು ದಿನಗಳಿಗೊಮ್ಮೆ ಪರಿಶೀಲಿಸಿ ದಾಖಲಿಸಬೇಕು. ಬಿರುಗಾಳಿ, ಭಾರಿ ಮಳೆ ಅಥವಾ ವಾಹನದ ಡಿಕ್ಕಿಯ ನಂತರ ಮರುಪರಿಶೀಲನೆ ಎಲ್ಲೆಡೆ ಅಗತ್ಯ.

ಬಹುಮಹಡಿ ಕಟ್ಟಡಗಳ ಹೊರಮೈಗೆ ಬಣ್ಣ ಬಳಿಯಲು ಅಥವಾ ಗಾಜು ಒರೆಸಲು ಮೇಲಿನಿಂದ ಇಳಿಬಿಟ್ಟ ತೂಗುವೇದಿಕೆ ಬಳಸುತ್ತಾರೆ. ಅದರ ಮೇಲಿರುವವನ ಜೀವರಕ್ಷಕ ಹಗ್ಗವನ್ನು ವೇದಿಕೆಗೆ ಕಟ್ಟದೆ ಕಟ್ಟಡದ ಬೇರೊಂದು ಆಧಾರಕ್ಕೆ ಕಟ್ಟಬೇಕು. ಇಲ್ಲದಿದ್ದರೆ ವೇದಿಕೆ ಕಳಚಿದಾಗ ಹಗ್ಗವೂ ಅದರೊಂದಿಗೆ ಹೋಗುತ್ತದೆ. ಹಗ್ಗದಲ್ಲಿ ತೂಗಿಕೊಂಡೇ ಮಾಡುವ ಕೆಲಸದಲ್ಲಿಯೂ ಕೆಲಸದ ಹಗ್ಗ, ರಕ್ಷಣೆಯ ಹಗ್ಗ ಎಂದು ಬೇರೆ ಬೇರೆ ಆಧಾರಗಳ ಎರಡು ಹಗ್ಗಗಳಿರಬೇಕು.

ಏಣಿ

ಏಣಿಯು ಮೂಲತಃ ಏರಿಳಿಯುವ ಸಾಧನ. ನಿಂತು ಕೆಲಸ ಮಾಡಲು ಅದನ್ನು ಅಲ್ಪಾವಧಿಯ, ಕಡಿಮೆ ಅಪಾಯದ ಕೆಲಸಕ್ಕೆ ಮಾತ್ರ ಬಳಸಬಹುದು. ಒರಗಿಸುವ ಏಣಿಯ ಬುಡವನ್ನು ಪ್ರತಿ 4 ಅಡಿ ಎತ್ತರಕ್ಕೆ 1 ಅಡಿಯಂತೆ ಗೋಡೆಯಿಂದ ದೂರ ಇಡಬೇಕು. ಆಗ ಅದು ನೆಲದೊಂದಿಗೆ ಸುಮಾರು 75 ಡಿಗ್ರಿ ಕೋನದಲ್ಲಿರುತ್ತದೆ. ಇದಕ್ಕಿಂತ ನೆಟ್ಟಗಿದ್ದರೆ ಏಣಿ ಹಿಂದಕ್ಕೆ ಮಗುಚುತ್ತದೆ, ಹೆಚ್ಚು ಒರಗಿದರೆ ಬುಡ ಜಾರುತ್ತದೆ. ತಾರಸಿಗೆ ಹತ್ತುವ ಏಣಿಯು ಅಂಚಿಗಿಂತ ಸುಮಾರು 1 ಮೀಟರ್ ಮೇಲಕ್ಕೆ ಚಾಚಿರಬೇಕು, ಮೇಲ್ತುದಿಯನ್ನು ಕಟ್ಟಿರಬೇಕು. ಹತ್ತುವಾಗ ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಸದಾ ಏಣಿಯನ್ನು ತಾಗಿರಬೇಕು. ಆದ್ದರಿಂದ ಸಾಮಾನನ್ನು ಕೈಯಲ್ಲಿ ಹಿಡಿಯದೆ ಹಗ್ಗದಿಂದ ಸೇದಿಕೊಳ್ಳಬೇಕು.

ಅಂಚುಗಳು ಮತ್ತು ಕಿಂಡಿಗಳು

ತೆರೆದ ಅಂಚಿಗೆ ಮೇಲ್ಕಂಬಿ, ನಡುಕಂಬಿ ಮತ್ತು ಕೆಳಗೆ ಅಂಚುಹಲಗೆ ಎಂಬ ಮೂರು ಭಾಗಗಳ ತಡೆ ಬೇಕು. ಬ್ರಿಟನ್ನಿನಲ್ಲಿ ನಿರ್ಮಾಣ ಕಾಮಗಾರಿಯ ಮೇಲ್ಕಂಬಿ ಕನಿಷ್ಠ 950 ಮಿಲಿಮೀಟರ್ ಎತ್ತರದಲ್ಲಿರಬೇಕು, ಕಂಬಿಗಳ ನಡುವಿನ ಸಂದಿ 470 ಮಿಲಿಮೀಟರ್ ಮೀರಬಾರದು. ಅಮೆರಿಕದಲ್ಲಿ ಮೇಲ್ಕಂಬಿಯ ಎತ್ತರ 42 ಅಂಗುಲ, ಅಂದರೆ ಸುಮಾರು 107 ಸೆಂಟಿಮೀಟರ್. ಅದು 200 ಪೌಂಡುಗಳ ತಳ್ಳುಬಲವನ್ನು ತಾಳಬೇಕು. ಹಗ್ಗ ಅಥವಾ ಬಣ್ಣದ ಪಟ್ಟಿ ಎಳೆಯುವುದು ಎಚ್ಚರಿಕೆಯ ಗುರುತು ಮಾತ್ರ, ತಡೆಯಲ್ಲ. ಅಂಚುಹಲಗೆಯು ಸುತ್ತಿಗೆ, ಇಟ್ಟಿಗೆ ಮುಂತಾದವು ಜಾರಿ ಕೆಳಗೆ ಬೀಳದಂತೆ ತಡೆಯುತ್ತದೆ.

ನೆಲದ ಕಿಂಡಿಯನ್ನು ಮುಚ್ಚುವ ಹಲಗೆಯನ್ನು ಮೊಳೆ ಹೊಡೆದು ಕದಲದಂತೆ ಮಾಡಿ, ಅದರ ಮೇಲೆ ‘ಕಿಂಡಿ’ ಎಂದು ಕಾಣುವಂತೆ ಬರೆಯಬೇಕು. ಸುಮ್ಮನೆ ಇಟ್ಟ ಹಲಗೆ ತೆರೆದ ಕಿಂಡಿಗಿಂತಲೂ ಅಪಾಯಕಾರಿ: ಅದನ್ನು ಬೇರೆ ಕೆಲಸಕ್ಕೆಂದು ಎತ್ತಿಕೊಂಡು ಮುಂದೆ ಹೆಜ್ಜೆಯಿಡುವವನಿಗೆ ಕೆಳಗಿನ ಗುಂಡಿ ಕಾಣುವುದಿಲ್ಲ.

ಭಾರ ತಾಳದ ಚಾವಣಿಗಳು

ಕಲ್ನಾರು ತಗಡಿನ ಚಾವಣಿ ನೋಡಲು ಗಟ್ಟಿಯಾಗಿದ್ದರೂ ಮನುಷ್ಯನ ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಬೆಳಕಿಗಾಗಿ ನಡುನಡುವೆ ಹಾಕಿದ ಪ್ಲಾಸ್ಟಿಕ್ ತಗಡು ಧೂಳು ಹಿಡಿದ ಮೇಲೆ ಉಳಿದ ತಗಡಿನಂತೆಯೇ ಕಾಣುವುದರಿಂದ ಗೋದಾಮು ಮತ್ತು ಕಾರ್ಖಾನೆಗಳ ದುರಸ್ತಿಯಲ್ಲಿ ಅದು ಇನ್ನೂ ಅಪಾಯಕಾರಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿ ಮತ್ತು ಮಲೆನಾಡಿನಲ್ಲಿ ಹರಡಿದ ಹೆಂಚಿನ ಮಾಡುಗಳಲ್ಲಿ ಮಳೆಗಾಲಕ್ಕೆ ಮುನ್ನ ಒಡೆದ ಹೆಂಚು ಬದಲಿಸುವ ಕೆಲಸಕ್ಕೂ ಇದೇ ಎಚ್ಚರ ಬೇಕು. ಹೆಂಚಿನ ಕೆಳಗಿನ ಪಕಾಸು, ರೀಪುಗಳು ಗೆದ್ದಲು ಹಿಡಿದಿದ್ದರೆ ಮೇಲಿನಿಂದ ತಿಳಿಯುವುದಿಲ್ಲ. ಇಂತಹ ಚಾವಣಿಯ ಮೇಲೆ ನೇರವಾಗಿ ನಡೆಯದೆ, ಕೆಳಗಿನ ತೊಲೆಗಳ ಮೇಲೆ ಭಾರ ಬೀಳುವಂತೆ ಅಡ್ಡಪಟ್ಟಿಗಳುಳ್ಳ ಹಲಗೆ ಅಥವಾ ಚಾವಣಿ ಏಣಿ ಹಾಸಿಕೊಳ್ಳಬೇಕು. ಸಾಧ್ಯವಿದ್ದಲ್ಲಿ ಒಳಗಿನಿಂದ, ಸಾರುವೆಯ ಮೇಲೆ ನಿಂತು ಕೆಲಸ ಮಾಡುವುದು ಉತ್ತಮ.

ವೈಯಕ್ತಿಕ ರಕ್ಷಣಾ ಸಾಧನಗಳು

ಬೀಳುವಿಕೆಯನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆಯಲ್ಲಿ ಪೂರ್ಣದೇಹ ಹಾರ್ನೆಸ್, ಲ್ಯಾನ್ಯಾರ್ಡ್ ಎಂಬ ಜೋಡಣೆಹಗ್ಗ, ಆಘಾತಶಾಮಕ ಮತ್ತು ಆಧಾರಬಿಂದು ಎಂಬ ನಾಲ್ಕು ಭಾಗಗಳಿವೆ. ನಾಲ್ಕರಲ್ಲಿ ಒಂದು ದುರ್ಬಲವಾದರೂ ವ್ಯವಸ್ಥೆ ವಿಫಲವಾಗುತ್ತದೆ. ಯುರೋಪಿನ ಮಾನಕದಂತೆ ಆಘಾತಶಾಮಕವು ದೇಹದ ಮೇಲಿನ ಬಲವನ್ನು 6 ಕಿಲೋನ್ಯೂಟನ್ ಮೀರಲು ಬಿಡಬಾರದು. ಅಮೆರಿಕದಲ್ಲಿ ಆಧಾರಬಿಂದುವು ಪ್ರತಿ ವ್ಯಕ್ತಿಗೆ 5,000 ಪೌಂಡ್, ಅಂದರೆ ಸುಮಾರು 22 ಕಿಲೋನ್ಯೂಟನ್ ಬಲ ತಾಳಬೇಕು ಅಥವಾ ಅರ್ಹ ತಜ್ಞರು ಎರಡು ಪಟ್ಟು ಸುರಕ್ಷತಾ ಅಂಶದೊಂದಿಗೆ ಇಡೀ ವ್ಯವಸ್ಥೆಯನ್ನು ವಿನ್ಯಾಸಗೊಳಿಸಿರಬೇಕು. ಕಿಟಕಿಯ ಸರಳು, ನೀರಿನ ಕೊಳವೆ, ಹಸಿ ಗೋಡೆಗೆ ಹೊಡೆದ ಮೊಳೆ, ಬಿಡಿ ಸಾರುವೆ ಕಂಬ ಇವು ಆಧಾರಬಿಂದುವಾಗಲಾರವು.

ಬೀಳಲು ಬೇಕಾದ ತೆರವಿನ ಲೆಕ್ಕ

ಹಾರ್ನೆಸ್ ಕೆಲಸ ಮಾಡಬೇಕಾದರೆ ಕೆಳಗೆ ಸಾಕಷ್ಟು ತೆರವಿರಬೇಕು. ಆಧಾರಬಿಂದುವಿನಿಂದ ಕೆಳಕ್ಕೆ ಬೇಕಾದ ಅಂತರವನ್ನು ಹೀಗೆ ಲೆಕ್ಕ ಹಾಕಬಹುದು:

- ಲ್ಯಾನ್ಯಾರ್ಡಿನ ಉದ್ದ: 2 ಮೀಟರ್
- ಆಘಾತಶಾಮಕ ಬಿಚ್ಚಿಕೊಳ್ಳುವ ಗರಿಷ್ಠ ಉದ್ದ: 1.75 ಮೀಟರ್
- ಬೆನ್ನಿನ ಕೊಂಡಿಯಿಂದ ಪಾದದವರೆಗಿನ ಉದ್ದ: 1.5 ಮೀಟರ್
- ಹೆಚ್ಚುವರಿ ಅಂತರ: 1 ಮೀಟರ್
- ಒಟ್ಟು: 6.25 ಮೀಟರ್

ಎರಡು ಅಂತಸ್ತಿನ ಮನೆಯ ಚಾವಣಿ ನೆಲದಿಂದ ಸುಮಾರು 6 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿ ನಿಂತವನು ಕಾಲ ಬುಡದಲ್ಲಿ ಕೊಕ್ಕೆ ಹಾಕಿಕೊಂಡು ಬಿದ್ದರೆ ಹಾರ್ನೆಸ್ ಅವನನ್ನು ಪೂರ್ತಿಯಾಗಿ ಹಿಡಿದು ನಿಲ್ಲಿಸುವ ಮೊದಲೇ ನೆಲ ತಗಲುವ ಸಂಭವವಿದೆ. ಒಂದು ಅಂತಸ್ತಿನ ಚಾವಣಿಯಲ್ಲಿ ಈ ಸಂಭವ ಇನ್ನೂ ಹೆಚ್ಚು. ಹೀಗೆ ಸಣ್ಣ ಮನೆಗಳ ಕಾಮಗಾರಿಯಲ್ಲಿ ಬೆಲ್ಟು ಕೊಟ್ಟರೆ ಸಾಕೆಂಬ ನಂಬಿಕೆಗೆ ಆಧಾರವಿಲ್ಲ. ಅಲ್ಲಿ ತಡೆಕಂಬಿ ಮತ್ತು ಸಾರುವೆಯೇ ಮುಖ್ಯ. ತಲೆಯ ಮೇಲೆ ಕೊಕ್ಕೆ ಹಾಕಿದರೆ ಬೀಳುವ ದೂರ ಕಡಿಮೆಯಾಗಿ ಬೇಕಾದ ತೆರವೂ ತಗ್ಗುತ್ತದೆ. ಅಂಚಿನವರೆಗೆ ಹೋಗಲಾಗದಂತೆ ಹಗ್ಗವನ್ನು ಗಿಡ್ಡಗೊಳಿಸುವುದು ಇನ್ನೂ ಉತ್ತಮ, ಏಕೆಂದರೆ ಆಗ ಬೀಳುವ ಪ್ರಶ್ನೆಯೇ ಇಲ್ಲ. ಆಧಾರಬಿಂದು ಪಕ್ಕಕ್ಕಿದ್ದರೆ ಬಿದ್ದವನು ಲೋಲಕದಂತೆ ತೂಗಿ ಗೋಡೆಗೆ ಬಡಿಯುವ ಅಪಾಯವೂ ಉಂಟು.

ಬಿದ್ದವರನ್ನು ಇಳಿಸುವುದು

ಹಾರ್ನೆಸಿನಲ್ಲಿ ಅಲುಗಾಡದೆ ತೂಗುತ್ತಿರುವ ವ್ಯಕ್ತಿಯ ಕಾಲುಗಳಲ್ಲಿ ರಕ್ತ ನಿಂತು, ಹೃದಯ ಮತ್ತು ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಪ್ರಜ್ಞೆ ತಪ್ಪಬಹುದು. ಇದು ನಿಮಿಷಗಳ ಅವಧಿಯಲ್ಲಿ ಜೀವಕ್ಕೆ ಎರವಾಗಬಲ್ಲದು. ಆದ್ದರಿಂದ ಅಗ್ನಿಶಾಮಕ ದಳದ ಬರವಿಗೆ ಕಾಯದೆ ಸ್ಥಳದಲ್ಲಿಯೇ ಕೆಳಗಿಳಿಸುವ ಸಾಧನ, ತರಬೇತಿ ಪಡೆದ ಜನ ಮತ್ತು ಮೊದಲೇ ಅಭ್ಯಾಸ ಮಾಡಿದ ಕ್ರಮ ಇರಬೇಕು. ಕೆಲಸಗಾರ ಒಬ್ಬನೇ ಇರುವ ಕಡೆ ಹಾರ್ನೆಸ್ ಅವಲಂಬಿಸಿ ಕೆಲಸ ಮಾಡಿಸಬಾರದು.

ಭಾರತದ ಕಾನೂನು

ಕಟ್ಟಡ ಕಾರ್ಮಿಕರಿಗಾಗಿಯೇ ರೂಪಿಸಿದ ಮೊದಲ ಕೇಂದ್ರ ಶಾಸನ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ (ಉದ್ಯೋಗ ಮತ್ತು ಸೇವಾ ಷರತ್ತುಗಳ ನಿಯಂತ್ರಣ) ಕಾಯ್ದೆ, 1996. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಾಮಗಾರಿಗಳಿಗೆ ಇದು ಅನ್ವಯಿಸುತ್ತಿತ್ತು; 10 ಲಕ್ಷ ರೂಪಾಯಿ ಮೀರದ ವೆಚ್ಚದಲ್ಲಿ ವ್ಯಕ್ತಿಯೊಬ್ಬ ಸ್ವಂತ ವಾಸಕ್ಕೆ ಕಟ್ಟಿಸುವ ಮನೆಗೆ ವಿನಾಯಿತಿಯಿತ್ತು. ಕಾಮಗಾರಿ ಆರಂಭಕ್ಕೆ ಕನಿಷ್ಠ 30 ದಿನ ಮೊದಲು ನಿರೀಕ್ಷಕರಿಗೆ ತಿಳಿಸಬೇಕಿತ್ತು. 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸುರಕ್ಷತಾ ಸಮಿತಿ ಇರಬೇಕಿತ್ತು. ಇದರ ಅಡಿಯಲ್ಲಿ ಬಂದ 1998ರ ಕೇಂದ್ರ ನಿಯಮಗಳು ಸಾರುವೆ, ಏಣಿ, ಹಿಡಿವೇದಿಕೆ, ಸುರಕ್ಷತಾ ಬೆಲ್ಟ್ ಮತ್ತು ಬಲೆಗಳ ಬಗ್ಗೆ ವಿವರವಾದ ಅಧ್ಯಾಯಗಳನ್ನು ಹೊಂದಿದ್ದವು. ಆದರೆ ಸುರಕ್ಷತಾ ನಿಯಮ ಉಲ್ಲಂಘನೆಗೆ ಶಿಕ್ಷೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 2,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಿತ್ತು.

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಈ ಕಾಯ್ದೆ ಮತ್ತು ಕಾರ್ಖಾನೆಗಳ ಕಾಯ್ದೆಯೂ ಸೇರಿದಂತೆ ಹಲವು ಶಾಸನಗಳನ್ನು ಒಗ್ಗೂಡಿಸಿತು. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಹತ್ತು ಕಾರ್ಮಿಕರ ಮಿತಿ ಅದರಲ್ಲಿಯೂ ಉಳಿದಿದೆ. ಸ್ವಂತ ವಾಸದ ಮನೆಯ ವಿನಾಯಿತಿ 50 ಲಕ್ಷ ರೂಪಾಯಿಗೆ ಏರಿದೆ. 250 ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಸ್ಥಳದಲ್ಲಿ ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಂಡದ ಕನಿಷ್ಠ ಅರ್ಧ ಭಾಗವನ್ನು ಮೃತರ ವಾರಸುದಾರರಿಗೆ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು.

ಈ ಶಾಸನಗಳ ವ್ಯಾಪ್ತಿಗೆ ಬಾರದ ಕಾಮಗಾರಿಯಲ್ಲಿಯೂ ಸಾಮಾನ್ಯ ದಂಡಸಂಹಿತೆ ಅನ್ವಯಿಸುತ್ತದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದು ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ, ಕಟ್ಟಡ ಕೆಡವುವ, ದುರಸ್ತಿ ಮಾಡುವ ಅಥವಾ ಕಟ್ಟುವ ಕೆಲಸದಲ್ಲಿ ನಿರ್ಲಕ್ಷ್ಯ ತೋರುವುದು 290ನೆಯ ಕಲಮಿನಡಿ ಅಪರಾಧ.

ಭಾರತೀಯ ಮಾನಕಗಳು

ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ಸಂಬಂಧಿತ ಮಾನಕಗಳಲ್ಲಿ ಮುಖ್ಯವಾದವು:

- ಐಎಸ್ 3696: ಸಾರುವೆ (ಭಾಗ 1) ಮತ್ತು ಏಣಿಗಳ (ಭಾಗ 2) ಸುರಕ್ಷತಾ ಸಂಹಿತೆ
- ಐಎಸ್ 4014: ಉಕ್ಕಿನ ಕೊಳವೆ ಸಾರುವೆ
- ಐಎಸ್ 4912: ನೆಲ ಮತ್ತು ಗೋಡೆಯ ಕಿಂಡಿ, ತಡೆಕಂಬಿ, ಅಂಚುಹಲಗೆಗಳ ಸುರಕ್ಷತೆ
- ಐಎಸ್ 3521: ಸುರಕ್ಷತಾ ಬೆಲ್ಟ್ ಮತ್ತು ಹಾರ್ನೆಸ್
- ಐಎಸ್ 11057: ಸುರಕ್ಷತಾ ಬಲೆ
- ಐಎಸ್ 2925: ಸುರಕ್ಷತಾ ಹೆಲ್ಮೆಟ್

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 7ನೆಯ ಭಾಗವು ನಿರ್ಮಾಣ ನಿರ್ವಹಣೆ ಮತ್ತು ಸುರಕ್ಷತೆಗೆ ಮೀಸಲಾಗಿದೆ.

ಕರ್ನಾಟಕದಲ್ಲಿ

1996ರ ಕಾಯ್ದೆಯಡಿ ಕರ್ನಾಟಕ ಸರ್ಕಾರ 2006ರಲ್ಲಿ ನಿಯಮಗಳನ್ನು ಜಾರಿಗೊಳಿಸಿ, ಮುಂದಿನ ವರ್ಷ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯನ್ನು ರಚಿಸಿತು. ನಿರ್ಮಾಣ ವೆಚ್ಚದ ಶೇಕಡ 1ರಷ್ಟು ಉಪಕರದಿಂದ ಮಂಡಳಿಯ ನಿಧಿ ಬೆಳೆಯುತ್ತದೆ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷ ವಯಸ್ಸಿನವರು ನೋಂದಣಿಗೆ ಅರ್ಹರು. ಅಪಘಾತ ಪರಿಹಾರ ಮಂಡಳಿಯ ಸೌಲಭ್ಯಗಳಲ್ಲೊಂದು.

ಬೆಂಗಳೂರಿನ ಕಾಮಗಾರಿಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಬಂದವರೊಂದಿಗೆ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಜಾರ್ಖಂಡ್ ರಾಜ್ಯಗಳ ವಲಸೆ ಕಾರ್ಮಿಕರೂ ದುಡಿಯುತ್ತಾರೆ. ಆದ್ದರಿಂದ ಸುರಕ್ಷತಾ ಸೂಚನೆ ಮತ್ತು ತರಬೇತಿಯನ್ನು ಕೇವಲ ಇಂಗ್ಲಿಷ್ ಫಲಕಗಳಿಂದ ಮುಗಿಸದೆ, ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಮತ್ತು ಚಿತ್ರಗಳ ಮೂಲಕ ಕೊಡುವುದು ಅಗತ್ಯ.

ಪಾಲನೆಯ ಕ್ರಮ

ಸುವ್ಯವಸ್ಥಿತ ನಿರ್ಮಾಣ ಸ್ಥಳಗಳಲ್ಲಿ ಎತ್ತರದ ಕೆಲಸಕ್ಕೆ ಮುನ್ನ ಅಪಾಯಗಳ ಅಂದಾಜು, ಕೆಲಸದ ವಿಧಾನದ ಲಿಖಿತ ವಿವರಣೆ ಮತ್ತು ಕೆಲಸದ ಪರವಾನಗಿ ಪತ್ರ ಸಿದ್ಧವಾಗುತ್ತವೆ. ಪರವಾನಗಿ ಆ ದಿನಕ್ಕೆ ಅಥವಾ ಆ ಪಾಳಿಗೆ ಮಾತ್ರ ಸಿಂಧು. ಬಳಸಲು ಯೋಗ್ಯವಾದ ಸಾರುವೆಗೆ ಹಸಿರು, ಅಪೂರ್ಣವಾದದ್ದಕ್ಕೆ ಕೆಂಪು ಚೀಟಿ ತೂಗುಹಾಕುವ ರೂಢಿಯಿದೆ. ಹಾರ್ನೆಸಿನ ಹೊಲಿಗೆ, ಕೊಂಡಿ ಮತ್ತು ಹಗ್ಗವನ್ನು ಪ್ರತಿ ಬಳಕೆಗೂ ಮುನ್ನ ನೋಡಬೇಕು. ಒಮ್ಮೆ ಬೀಳುವಿಕೆಯನ್ನು ತಡೆದ ಹಾರ್ನೆಸ್ ಮತ್ತು ಆಘಾತಶಾಮಕವನ್ನು ಮತ್ತೆ ಬಳಕೆಗೆ ಕೊಡಬಾರದು.

ಕಾಗದಪತ್ರಗಳು ಸರಿಯಿದ್ದ ಮಾತ್ರಕ್ಕೆ ಸ್ಥಳ ಸುರಕ್ಷಿತವಾಗುವುದಿಲ್ಲ. ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರ ಮೇಸ್ತ್ರಿಗೂ ಕಾರ್ಮಿಕನಿಗೂ ಇರುವುದು, ಹಾಗೆ ನಿಲ್ಲಿಸಿದ್ದಕ್ಕೆ ಕೂಲಿ ಕಡಿತವಾಗದಿರುವುದು ಪಾಲನೆಯ ನಿಜವಾದ ಒರೆಗಲ್ಲು.

ಸವಾಲುಗಳು

ಭಾರತದ ವ್ಯವಸ್ಥೆಯ ದೊಡ್ಡ ಕೊರತೆ ವ್ಯಾಪ್ತಿಗೆ ಸಂಬಂಧಿಸಿದ್ದು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಮನೆ ಕಾಮಗಾರಿ, ಬಣ್ಣ ಬಳಿಯುವ ಗುತ್ತಿಗೆ, ತಗಡಿನ ಚಾವಣಿಯ ದುರಸ್ತಿ ಮುಂತಾದವು ವಿಶೇಷ ಶಾಸನಗಳ ಹೊರಗುಳಿಯುತ್ತವೆ. ಅಲ್ಲಿ ಮಾಲೀಕ, ಗುತ್ತಿಗೆದಾರ, ಮೇಸ್ತ್ರಿ ಇವರಲ್ಲಿ ಸುರಕ್ಷತೆಯ ಹೊಣೆ ಯಾರದೆಂಬುದು ಅಪಘಾತವಾಗುವವರೆಗೆ ನಿರ್ಧಾರವಾಗಿರುವುದಿಲ್ಲ. ಸಾರುವೆಯ ಬಾಡಿಗೆಯನ್ನು ಅಂದಾಜುಪಟ್ಟಿಯಲ್ಲಿ ಬೇರೆಯಾಗಿ ತೋರಿಸದೆ ಚದರಡಿಯ ದರದಲ್ಲಿ ಸೇರಿಸುವುದರಿಂದ ಅದರಲ್ಲಿ ಉಳಿತಾಯ ಮಾಡುವ ಒತ್ತಡ ಗುತ್ತಿಗೆದಾರನ ಮೇಲೆ ಬೀಳುತ್ತದೆ. ನೋಂದಣಿಯಿಲ್ಲದ ದಿನಗೂಲಿ ಕಾರ್ಮಿಕನ ಕುಟುಂಬಕ್ಕೆ ಹಾಜರಿ ಪುಸ್ತಕ, ವೇತನ ಚೀಟಿಗಳಿಲ್ಲದೆ ಪರಿಹಾರ ಕೇಳುವುದೂ ಕಷ್ಟ.

ಕಲ್ಯಾಣ ನಿಧಿಯ ಬಳಕೆಯೂ ಟೀಕೆಗೆ ಗುರಿಯಾಗಿದೆ. ಸಂಗ್ರಹವಾದ ಉಪಕರದ ಬಹುಪಾಲು ಕಾರ್ಮಿಕರಿಗೆ ತಲುಪದಿರುವುದನ್ನು ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ್ ತೀರ್ಪಿನಲ್ಲಿ ಖಂಡಿಸಿ, ನೋಂದಣಿಯನ್ನು ಬಲಪಡಿಸಲು ನಿರ್ದೇಶಿಸಿತು. ನಿಧಿ ಸಮರ್ಪಕವಾಗಿ ವಿನಿಯೋಗವಾದರೂ ಅದು ಮುಖ್ಯವಾಗಿ ಅಪಘಾತದ ನಂತರದ ನೆರವು. ಅಪಘಾತಕ್ಕೆ ಮುನ್ನ ಅಂಚಿಗೆ ತಡೆ ಕಟ್ಟುವ ವೆಚ್ಚ ಕಾಮಗಾರಿಯ ಅಂದಾಜಿನಲ್ಲಿಯೇ ಸೇರಬೇಕಾಗುತ್ತದೆ.

ಇವನ್ನೂ ನೋಡಿ

- ಸಾರುವೆ
- ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ
- ರಾಷ್ಟ್ರೀಯ ಕಟ್ಟಡ ಸಂಹಿತೆ
- ಭಾರತೀಯ ಮಾನಕ ಬ್ಯೂರೋ
- ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ
- ಪ್ರಥಮ ಚಿಕಿತ್ಸೆ